ಹೇಸರಗತ್ತೆಗಳ ಹವಾಲ್ದಾರ

ಮಸರಕಲ್ಲಿನ ಜಂಬಣ್ಣ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾಗಿ ಬಂದ ದಿನ, ದೇವದುರ್ಗದ ಬಸ್ ನಿಲ್ದಾಣದಿಂದ ಊರಿನವರೆಗೆ ಅವನನ್ನು ತೆರೆದ ಜೀಪಿನಲ್ಲಿ ಮೆರೆಸಿದರು. ಹಲಗೆ ಬಾರಿಸಿದರು, ಶಾಲು ಹೊದಿಸಿದರು. ಶಾಲೆಯ ಮುಂದೆ ಮೈಕು ಕೈಗೆ ಕೊಟ್ಟು, "ಗಡಿಯೊಳಗ ಏನೇನ್ ಮಾಡಿದಿ, ಹುಡುಗ್ರಿಗಿ ಹೇಳಪಾ" ಎಂದರು. ಜಂಬಣ್ಣ "ಎಲ್ಲಾರಿಗೂ ನಮಸ್ಕಾರ" ಎಂದ. ಅಷ್ಟಕ್ಕೇ ಮೈಕು ವಾಪಸು ಕೊಟ್ಟ. ಸಂಕೋಚದ ಮನುಷ್ಯ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಅವನು ಯಾರ ಮೇಲೂ ಗುಂಡು ಹಾರಿಸಿದವನಲ್ಲ. ಅವನ ಕೆಲಸ ಹೇಸರಗತ್ತೆಗಳ ಜೊತೆ. ವಾಹನ ಹತ್ತದ ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೊರಿಸಿ, ಹಗ್ಗ ಹಿಡಿದು ಗಂಟೆಗಟ್ಟಲೆ ಏರಬೇಕು. ಇಳಿದು ಬಂದ ಮೇಲೆ ತಾನು ಉಣ್ಣುವ ಮೊದಲು ಅವುಗಳ ಬೆನ್ನು ಒರೆಸಿ, ಗೊರಸು ನೋಡಿ, ಮೇವು ಹಾಕಬೇಕು. ಹೆಂಡತಿ ಹಣಮಮ್ಮನಿಗೂ ಇದು ಗೊತ್ತಿರಲಿಲ್ಲ. ಸಾಮಾನು ಸಾಗಿಸುವ ಕೆಲಸ ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದಕ್ಕೆ ಅವಳು ಲಾರಿ ಎಂದು ತಿಳಿದಿದ್ದಳು. ಅವನೂ ತಿದ್ದಲಿಲ್ಲ.

ಹೇಳದೆ ಉಳಿದದ್ದು ಇನ್ನೂ ಒಂದಿತ್ತು. ಕೊನೆಯ ಚಳಿಗಾಲದಲ್ಲಿ, ಏರುದಾರಿಯ ಒಂದು ತಿರುವಿನಲ್ಲಿ ಜಂಬಣ್ಣನ ಹೇಸರಗತ್ತೆ ಹೆಜ್ಜೆ ಕಿತ್ತಿಡಲಿಲ್ಲ. ಹಿಂದಿದ್ದ ಗಢವಾಲದ ಕುಂದನ್ ಸಿಂಗ್, ನೀನು ನಿಧಾನವಾಗಿ ಬಾ ಎಂದು ನಕ್ಕು, ತನ್ನ ಪ್ರಾಣಿಯನ್ನು ದಾಟಿಸಿಕೊಂಡು ಮುಂದೆ ಹೋದ. ಇಪ್ಪತ್ತು ಹೆಜ್ಜೆ ಹೋಗಿರಬಹುದು. ಮೇಲಿನಿಂದ ಹಿಮ ಜಾರಿ ಅವನನ್ನೂ ಅವನ ಪ್ರಾಣಿಯನ್ನೂ ಕೊಚ್ಚಿಕೊಂಡು ಹೋಯಿತು. ಎರಡು ದಿನ ಅಗೆದ ಮೇಲೆ ಕುಂದನ್‌ನ ಹೆಣ ಸಿಕ್ಕಿತು. ಆ ಪ್ರಾಣಿ ಸಿಗಲೇ ಇಲ್ಲ.

ಮಗಳು ರಾಧಾಳ ಓದಿಗಾಗಿ ಹಣಮಮ್ಮ ರಾಯಚೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಳು. ಜಂಬಣ್ಣ ಅಲ್ಲಿಗೆ ಬಂದು ಸೇರಿದ. ನಾಲ್ಕಕ್ಕೆ ಎದ್ದು, ಗಡ್ಡ ಕೆರೆದು, ಹಾಸಿಗೆಯನ್ನು ಚೌಕಾಕಾರಕ್ಕೆ ಮಡಚಿಟ್ಟರೆ ಐದಕ್ಕೆಲ್ಲ ದಿನದ ಕೆಲಸ ಮುಗಿದೇ ಹೋಗುತ್ತಿತ್ತು. ತಾಯಿ ಮಗಳು ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಅವನ ಊಟ ಆಗಿರುತ್ತಿತ್ತು. ಅವರಿಬ್ಬರದೂ ಹನ್ನೊಂದು ವರ್ಷದ ಜೊತೆ. ಅರ್ಧ ಮಾತಿಗೇ ನಗು ಬರುತ್ತಿತ್ತು. ಅವನು ಒಳಗೆ ಬಂದರೆ ಇಬ್ಬರೂ ದನಿ ತಗ್ಗಿಸುತ್ತಿದ್ದರು. ಒಂದು ದಿನ ಅವನು ಬಚ್ಚಲಲ್ಲಿದ್ದಾಗ ರಾಧಾ ಕೇಳಿದ್ದು ಕಿವಿಗೆ ಬಿತ್ತು:

"ಯವ್ವಾ, ಅಪ್ಪ ಯಾವಾಗ ಹೊಳ್ಳಿ ಹೋಗ್ತಾನ?"

ಮಗುವಿನ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಎಂದರೆ ರಜೆ ಮುಗಿಯುವತನಕ ಇರುವವನು, ಅಷ್ಟೇ. ಜಂಬಣ್ಣ ತುಂಬಿದ ಚರಿಗೆಯನ್ನು ಮೈಮೇಲೆ ಸುರಿದುಕೊಳ್ಳದೆ ಹಾಗೇ ಕೆಳಗಿಟ್ಟ.

ಮರುವಾರವೇ ಒಂದು ಹತ್ತಿ ಮಿಲ್ಲಿನ ಗೇಟಿನಲ್ಲಿ ಕಾವಲು ಕೆಲಸ ಹಿಡಿದ. ಅಲ್ಲಿ ಯಾರ ಜೊತೆಯೂ ಮಾತನಾಡಬೇಕಿರಲಿಲ್ಲ.

ವೈಶಾಖದಲ್ಲಿ ಹಣಮಮ್ಮನ ಚಿಕ್ಕಪ್ಪನ ಮಗನ ಮದುವೆ ಬಂತು, ಮಾನ್ವಿಯಲ್ಲಿ. ಊಟದ ಪಂಕ್ತಿಯಲ್ಲಿ ಅವಳ ಕಡೆಯ ಗಂಡಸರು ಅವನ ಸುತ್ತ ಕೂತರು. ಒಬ್ಬ ಕೇಳಿಯೇಬಿಟ್ಟ: "ಮಾಮಾ, ಖರೇ ಹೇಳ್ರಿ, ಎಷ್ಟ್ ಮಂದೀನ ಹೊಡದೀರಿ? ಹತ್ತ್ ಮಂದಿಯರ ಆಗಿರಬೇಕಲ್ಲ?" ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಜಂಬಣ್ಣ ಎಲೆ ಮುಂದಿನಿಂದ ಎದ್ದು, ಕೈ ತೊಳೆದು, ಹಿಂಬಾಗಿಲಿನಿಂದ ಹೊರಬಿದ್ದ.

ಹಿಂದಿನ ಓಣಿಯಲ್ಲಿ ಮನೆ ಕಟ್ಟುತ್ತಿದ್ದರು. ಟ್ರ್ಯಾಕ್ಟರ್ ತೂರದ ಇಕ್ಕಟ್ಟು. ಇಟ್ಟಿಗೆ ಕತ್ತೆಗಳ ಮೇಲೆ ಬರುತ್ತಿತ್ತು. ಭಾರ ಇಳಿಸಿ ನಿಲ್ಲಿಸಿದ್ದ ಒಂದು ಕಂದು ಕತ್ತೆಯ ಬೆನ್ನ ಮೇಲೆ ಅಂಗೈಯಗಲದ ಹುಣ್ಣು, ತುಂಬ ನೊಣ.

"ಯಾರದ್ರೀ ಇದು?"

"ನಂದ್ರಿ," ಎಂದು ಮರದ ನೆರಳಿನಿಂದ ಎದ್ದು ಬಂದವರು ಕತ್ತೆಗಳ ಮಾಲೀಕ ಸತ್ತಾರ್ ಸಾಬ್. "ಯಾಕ್ರೀ?"

"ಗೋಣಿ ಮಡಚಿದ್ದು ಅಲ್ಲೇ ಒತ್ತಾಕತ್ತದ. ಬೇವಿನ ತಪ್ಪಲ ಹಾಕಿ ಒಂದೀಟ್ ನೀರು ಕಾಸ್ರಿ."

ಮದುವೆಯ ಹೊಸ ಅಂಗಿಯ ತೋಳು ಮಡಚಿ ಜಂಬಣ್ಣ ಹುಣ್ಣು ತೊಳೆದ. ಗೋಣಿಯ ದಿಂಡನ್ನು ಬಿಚ್ಚಿ, ಹುಣ್ಣಿಗೆ ತಾಗದಂತೆ ನಡುವೆ ಕತ್ತರಿಸಿ ಹೊಸದಾಗಿ ಹೊಲಿದ. ಕತ್ತೆ ಬೆದರಿದಾಗ "ಬಸ್ ಬೇಟಾ, ಬಸ್" ಎಂದು ಕುತ್ತಿಗೆಗೆ ಕೈ ಹಾಕಿದ. ಚರ್ಮದ ಬಿಸಿ ಅಂಗೈಗೆ ತಾಗಿದ್ದೇ ತಡ, ಅವನು ಕತ್ತೆಯ ಕುತ್ತಿಗೆಗೆ ಮುಖ ಒತ್ತಿ ಅತ್ತ. ಸತ್ತಾರ್ ಸಾಬ್ ಕೂಲಿಯವರನ್ನು ಆಚೆ ಕಳಿಸಿ, ಒಂದು ಚೊಂಬು ನೀರು ತಂದಿಟ್ಟರು. ಅಳು ನಿಂತ ಮೇಲೆ ಕೇಳಿದರು:

"ಏನ್ ಕೆಲಸದಾಗ ಇದ್ರಿ?"

"ಮಿಲ್ಟ್ರಿಯೊಳಗ ಹೇಸರಗತ್ತಿ ನಡಸ್ತಿದ್ದೆ."

"ಅದಕ್ಕ ನಿಮ್ಮ ಕೈಗಿ ಗೊತ್ತದ," ಎಂದರು ಸಾಬರು.

ಹುಡುಕಿಕೊಂಡು ಬಂದ ಹಣಮಮ್ಮ ಓಣಿಯ ತುದಿಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ರಾಯಚೂರಿಗೆ ಮರಳುವ ಬಸ್ಸಿನಲ್ಲಿ ರಾಧಾ ಅವಳ ತೊಡೆಯ ಮೇಲೆ ಮಲಗಿದಾಗ, ಜಂಬಣ್ಣ ಕುಂದನ್ ಸಿಂಗನದನ್ನೂ ಹೇಳಿದ.

"ನನಗರ ಹೇಳಬಾರದಿತ್ತೇನ್ರಿ?"

"ಜೀಪಿನಾಗ ಮೆರಸಿದ್ರು. ಆಮ್ಯಾಲ ಹೆಂಗ ಹೇಳ್ಲಿ? ಅಂವ ಹೋಗಿದ್ದು ನನ್ನ ಜಾಗದಾಗ, ಹಣಮಿ."

ಬಸ್ಸು ಕಲ್ಲೂರು ದಾಟಿದ ಮೇಲೆ ಇಷ್ಟೇ ಕೇಳಿದಳು: "ಅವನ ಹೆಂಡ್ತಿನ ಮಾತಾಡ್ಸೀರೇನು?"

"ಇಲ್ಲ. ನಂಬರ್ ಅದ."

ಈಗಲೂ ಅವನಿಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ. ರಜೆಯ ದಿನ ಮಾನ್ವಿಗೆ ಹೋಗಿ ಸತ್ತಾರ್ ಸಾಬರ ಕತ್ತೆಗಳ ಗೊರಸು ನೋಡಿ ಬರುತ್ತಾನೆ. ಒಮ್ಮೆ ರಾಧಾಳೂ ಜೊತೆಗೆ ಹೋಗಿ, ಹಗ್ಗ ಹಿಡಿದು ನಿಂತು ನೂರೆಂಟು ಪ್ರಶ್ನೆ ಕೇಳಿದಳು. ಮತ್ತೊಮ್ಮೆ ಕರೆದಾಗ ಪರೀಕ್ಷೆ ಅದ ಎಂದಳು.

ಕುಂದನ್ ಸಿಂಗನ ಹೆಂಡತಿಗೆ ಅವನು ಫೋನ್ ಮಾಡಿದ್ದು ಮಿಲ್ಲಿನ ಗೇಟಿನಿಂದ, ಒಂದು ಮಧ್ಯಾಹ್ನ. ನಡೆದದ್ದನ್ನು ನಡೆದ ಹಾಗೆ ಹಿಂದಿಯಲ್ಲಿ ಹೇಳಿದ. ಆಮೇಲೆ ಅವಳು, ಅವರು ಯಾವಾಗಲೂ ಹಾಗೆಯೇ, ನಿಧಾನ ಎಂಬುದೇ ಗೊತ್ತಿರಲಿಲ್ಲ ಎಂದಳು. ಮನೆಗೆ ಯಾರೋ ಬಂದಿದ್ದಾರೆ, ಮತ್ತೆ ಮಾಡುತ್ತೇನೆ ಎಂದಳು.

ಆ ಫೋನ್ ಇನ್ನೂ ಬಂದಿಲ್ಲ. ತಾನೇ ಇನ್ನೊಮ್ಮೆ ಮಾಡಬೇಕೆಂದು ಜಂಬಣ್ಣ ವಾರ ವಾರವೂ ಅಂದುಕೊಳ್ಳುತ್ತಾನೆ.