ನೀರು ಬೇಕೇ ಎಂದು ಹೊಲವನ್ನೇ ಕೇಳಿದ್ದು

ಕೊರೊನಾ ಇಳಿದ ಮರುವರ್ಷ. ಬಾಗಲಕೋಟೆಯ ನವನಗರದಲ್ಲಿ ನಮ್ಮದು ಐದು ಜನರ ಸಾಫ್ಟ್‌ವೇರ್ ಕಚೇರಿ. ನಾನು ಹಿರಿಯ ಪ್ರೋಗ್ರಾಮರ್. ಪಕ್ಕದ ಕುರ್ಚಿ ಇಳಕಲ್ಲಿನ ಶಬಾನಾಳದು. ಮಧ್ಯಾಹ್ನ ನನ್ನ ರೊಟ್ಟಿ, ಅವಳ ಶೇಂಗಾ ಚಟ್ನಿ, ಇಬ್ಬರ ನಡುವೆ ಒಂದು ವಾದ. ಅದು ದಿನದ ರೂಢಿ.

ಆಗ ಮರೋಳದ ಕಡೆಯ ರೈತರ ಗುಂಪೊಂದಕ್ಕೆ ಹನಿ ನೀರಾವರಿಯ ಪ್ರೋಗ್ರಾಂ ಬರೆಯುತ್ತಿದ್ದೆವು. ಆ ವಾರದ ಶನಿವಾರ ಶಬಾನಾ ಕೆಲಸ ಬಿಡುವವಳಿದ್ದಳು. ಕಲಬುರಗಿಯ ಪಾಲಿಟೆಕ್ನಿಕ್ಕೊಂದರಲ್ಲಿ ಪಾಠ ಹೇಳುವ ಹುದ್ದೆ ಸಿಕ್ಕಿತ್ತು. ಅಷ್ಟರೊಳಗೆ ತಾನು ರೂಪಿಸಿದ್ದು ರೈತರ ಕೈಯಲ್ಲಿ ಓಡುವುದನ್ನು ನೋಡಬೇಕೆಂಬುದೊಂದೇ ಅವಳ ಆಸೆ. ಗುಂಪಿನವರು ಬೇಡವೆಂದರೆ ಅಲ್ಲಿಗೇ ಮುಗಿಯಿತು.

ಪ್ರೋಗ್ರಾಮಿನಲ್ಲಿ ‘ಹೊಲ’ ಎಂಬುದೊಂದು ಎಂಟಿಟಿ. ಅಂದರೆ ತನ್ನದೇ ಗುರುತು, ಬೆಳೆ, ಮಣ್ಣಿನ ತೇವದ ಮಾಹಿತಿ ಇಟ್ಟುಕೊಂಡ ಘಟಕ. ಇಂದು ನೀರು ಬೇಕೇ ಎಂಬುದನ್ನು ಅದೇ ಹೇಳಬೇಕು. ಅದಕ್ಕೆ ಮಳೆಯ ಮುನ್ಸೂಚನೆ ತಂದುಕೊಡುವ ಒಂದು ಸರ್ವಿಸ್, ಅಂದರೆ ಪ್ರೋಗ್ರಾಮಿನದೇ ಇನ್ನೊಂದು ಭಾಗ ಬೇಕು. ಹೊಲವನ್ನು ಸೃಷ್ಟಿಸುವಾಗಲೇ ಶಬಾನಾ ಆ ಸರ್ವಿಸನ್ನು ಅದರೊಳಗೆ ಇಟ್ಟಿದ್ದಳು. ಹೀಗೆ ಬೇಕಾದ್ದನ್ನು ಹೊರಗಿನಿಂದ ಒದಗಿಸುವುದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತೇವೆ.

ಗುರುವಾರ ಮರೋಳಕ್ಕೆ ಹೋದೆವು. ನಿಂಗಪ್ಪನೆಂಬ ರೈತನ ಹೊಲ ಆರಿಸಿ ಅವಳು ಬಟನ್ ಒತ್ತಿದಳು. ಪರದೆಯ ತುಂಬ ಕೆಂಪು ಎರರ್.

“ಏನ್ ತಂಗಿ, ನನ್ನ ಹೊಲದ ಬಾಯಿ ಬಿದ್ದುಹೋಗೈತೇನು?” ಎಂದ ನಿಂಗಪ್ಪ. ಎಲ್ಲರೂ ನಕ್ಕರು. ಶಬಾನಾ ನಗಲಿಲ್ಲ.

ಕಾರಣ ಹುಡುಕಿದೆವು. ಕಚೇರಿಯಲ್ಲಿ ನಾವು ಆಗಷ್ಟೇ ಸೃಷ್ಟಿಸಿದ ಹೊಲಗಳನ್ನೇ ಪರೀಕ್ಷಿಸಿದ್ದೆವು. ಇಲ್ಲಿ ಹೊಲ, ಮಾಹಿತಿ ಕೂಡಿಡುವ ಡೇಟಾಬೇಸಿನಿಂದ ಎದ್ದು ಬಂದಿತ್ತು. ಡೇಟಾಬೇಸ್ ಬೆಳೆ, ತೇವವನ್ನು ಮರಳಿಸುತ್ತದೆ, ಸರ್ವಿಸನ್ನಲ್ಲ. ಹೊಲದೊಳಗೆ ಸರ್ವಿಸ್ ಇರಬೇಕಾದ ಜಾಗ ಖಾಲಿ.

“ನೀರಿನ ತೀರ್ಮಾನಾನೇ ಹೊಲದಿಂದ ತಗದು ಬ್ಯಾರೆ ಕಡೆ ಇಡೂಣು,” ಎಂದೆ.

“ಆಮ್ಯಾಲೆ ಹೊಲದಾಗ ಏನ್ ಉಳೀತೈತ್ರಿ ಅಕ್ಕಾ? ಬರೇ ಡಬ್ಬಿ!” ಎಂದು ಶಬಾನಾ ಸಿಡುಕಿದಳು. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, “ಹೊಲಾನೇ ಹೇಳ್ಲಿ. ಕೇಳಾಕ ಹೋದವ್ರು ಮಳಿ ಸುದ್ದಿ ಕೈಯಾಗ ಹಿಡ್ಕೊಂಡು ಹೋಗ್ಲಿ,” ಎಂದಳು.

ಅಂದರೆ ಸರ್ವಿಸ್ ಹೊಲದೊಳಗೆ ನೆಲೆಸುವುದಿಲ್ಲ. ಪ್ರಶ್ನೆಯ ಜೊತೆ ಬಂದು, ಉತ್ತರ ಸಿಕ್ಕಮೇಲೆ ಹೋಗುತ್ತದೆ. ಪಂಪ್‌ಹೌಸಿನ ನೆರಳಲ್ಲಿ ಕುಳಿತು ತಿದ್ದಿದೆವು. ಮತ್ತೆ ಬಟನ್ ಒತ್ತಿದಾಗ ಹೊಲ ಉತ್ತರಿಸಿತು: ಇಂದು ನೀರು ಬೇಡ, ನಾಳೆ ಮಳೆಯಿದೆ.

“ನಾ ಬೇಕಂದ್ರ ಇದು ಬ್ಯಾಡಂತೈತಿ. ಥೇಟ್ ನಮ್ಮ ಮನ್ಯಾಕಿ ಹಂಗ!” ಎಂದ ನಿಂಗಪ್ಪ. “ಇರ್ಲಿ, ಹಾಕ್ರಿ.”

ಗುಂಪು ಒಪ್ಪಿತು. ಶನಿವಾರ ಶಬಾನಾ ಹೊರಟಳು.

ಎತ್ತಿಟ್ಟು ಮರಳಿ ತೆಗೆದಾಗಲೂ ಉಳಿದಿರುವಂಥದ್ದನ್ನು ಮಾತ್ರ ಎಂಟಿಟಿಯೊಳಗೆ ಇಡಬೇಕು. ಮಿಕ್ಕಿದ್ದು ಬೇಕಾದಾಗ ಬಂದು ಹೋಗಲಿ. ಈ ಕೆಲಸ ನನಗೆ ಕಲಿಸಿದ ಪಾಠವಿದು. ಹೊಸಬರಿಗೂ ಹೇಳುತ್ತೇನೆ. ತಲೆಯಾಡಿಸುತ್ತಾರೆ, ಎದುರಾಡುವುದಿಲ್ಲ.

ಶಬಾನಾ ಆಗೀಗ ಫೋನ್ ಮಾಡುತ್ತಾಳೆ. “ಪ್ರೋಗ್ರಾಂ ಓಡಾಕತ್ತೈತೇನ್ರಿ ಅಕ್ಕಾ?” ಓಡುತ್ತಿದೆ ಎನ್ನುತ್ತೇನೆ, ಅದು ನಿಜವೇ. ಒಂದು ಸಲವಾದರೂ ಕೆಟ್ಟಿದ್ದರೆ ಬರುತ್ತಿದ್ದಳೇನೋ ಎಂದುಕೊಂಡು ಫೋನ್ ಇಡುತ್ತೇನೆ.