ಎರಡು ಸಲ ವಾಪಸ್ ಬಂದ ಬಿಳಿ ದಿಂಬು

ಗಂಗಾವತಿಯ ಅಕ್ಕಿ ಗಿರಣಿಗಳ ತೌಡಿನ ವಾಸನೆ ಇನ್ನೂ ಏರದ ಬೆಳಗಿನ ಹೊತ್ತು. ಇಮಾಮಬಾನು ತಮ್ಮ ಗಾದಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಉದ್ದನೆಯ ಬಿಳಿ ದಿಂಬೊಂದರ ಹೊಲಿಗೆ ಬಿಚ್ಚುತ್ತಿದ್ದಾರೆ. ಹೊಸ ದಿಂಬೇ. ಆದರೆ ಗಿರಾಕಿಯ ಮನೆಯಿಂದ ಎರಡನೇ ಸಲ ವಾಪಸ್ ಬಂದಿದೆ. ಒಳಗೆ ಕೈ ಹಾಕಿ ಅರಳೆ ಹಿಸುಕಿ ನೋಡುತ್ತಾರೆ, ಗಂಟಿಲ್ಲ. ಮೂಸಿ ನೋಡುತ್ತಾರೆ, ವಾಸನೆಯಿಲ್ಲ. ನನ್ನ ಮುಖ ನೋಡುತ್ತಾರೆ. ನನಗೇನು ಗೊತ್ತು, ನಾನು ಅವರ ಬಗ್ಗೆ ನಾಲ್ಕು ಸಾಲು ಬರೆಯಲು ಬಂದವನು.

"ಏನ್ ಕಮ್ಮಿ ಆಗೈತಿ ಅಂತ ಹೇಳಿದ್ರ ಮಾಡಿಕೊಡ್ತಿದ್ದೆನ್ರಿ. ಬಾಯಿನ ಬಿಡವಲ್ರು. ಕಟ್ಟಿ ಮ್ಯಾಲ ಇಟ್ಟು ಹೊಂಟಬಿಟ್ರು. ಬೈದಿದ್ರರ ಛಲೋ ಇತ್ತು!"

ಇಮಾಮಬಾನು ಅರಳೆ ಹಿಂಜುವ ಪಿಂಜಾರರ ಮನೆಯ ಹೆಣ್ಣುಮಗಳು. ಗಂಡ ಮದಾರಸಾಬ ಒಳಗೆ ಯಂತ್ರದಲ್ಲಿ ಅರಳೆ ಬಿಡಿಸಿದರೆ, ಇವರು ಹೊರಗೆ ಕುಳಿತು ತುಂಬಿ, ಕೋಲಿನಿಂದ ಬಡಿದು, ದಬ್ಬಣದಲ್ಲಿ ಹೊಲಿಯುತ್ತಾರೆ. ದಿನಕ್ಕೆ ಎರಡು ಗಾದಿ, ಐದಾರು ದಿಂಬು. ಮೊದಲು ಇದರ ದುಪ್ಪಟ್ಟು ಇತ್ತಂತೆ. ಫೋಮಿನ ಗಾದಿ ಊರಿಗೆ ಬಂದ ಮೇಲೆ ಮದುವೆ ಗಾದಿಗಳೂ ಕಡಿಮೆಯಾದವು. ಸಂಜೆಯ ಹೊತ್ತಿಗೆ ಅರಳೆಯ ಧೂಳು ಇವರ ಹುಬ್ಬಿನ ಮೇಲೂ ಕೂತಿರುತ್ತದೆ. ಕೆಮ್ಮಂತೂ ಇದ್ದದ್ದೇ.

ಉದ್ದ ದಿಂಬಿನ ಕೆಲಸ ಅಂಟಿಕೊಂಡದ್ದು ಹೋದ ವರ್ಷ. ಭವಾನಿ ಎಂಬ ನರ್ಸಮ್ಮ ಬಂದು, ಬಸುರಿಯರಿಗೆ ಮೊಣಕಾಲಿನಿಂದ ಹಿಮ್ಮಡಿಯವರೆಗೂ ಕಾಲುಗಳ ನಡುವೆ ಇಟ್ಟುಕೊಂಡು ಮಲಗುವಂಥ ದಿಂಬು ಮಾಡಿಕೊಡು ಎಂದರು. ಹೊಟ್ಟೆಯಲ್ಲಿ ಕೂಸು ಬೆಳೆದಂತೆ ಕೆಲವರಿಗೆ ಸೊಂಟದ ಮೂಳೆಗಳು ಕೂಡುವ ಜಾಗ ಸಡಿಲವಾಗಿ, ತೊಡೆಸಂದಿನಲ್ಲಿ ಕಿತ್ತುಹೋಗುವಂಥ ನೋವು ಬರುತ್ತದೆ. ಮಗ್ಗುಲು ಹೊರಳಲಾಗದು, ಒಂಟಿ ಕಾಲಲ್ಲಿ ನಿಂತು ಲಂಗ ಹಾಕಲಾಗದು, ಬಸ್ಸಿನ ಮೆಟ್ಟಿಲು ಹತ್ತಲಾಗದು. ದಿಂಬು ಇಟ್ಟು, ಎರಡೂ ಮೊಣಕಾಲು ಜೋಡಿಸಿಕೊಂಡೇ ಹೊರಳಿದರೆ ತುಸು ಹಗುರ.

"ನಾಕು ಹಡದೇನ್ರಿ ನಾನು. ಇಂಥಾ ನೋವಿಗೂ ಒಂದು ದಾರಿ ಐತಿ ಅಂತ ನನಗ ಗೊತ್ತಾಗಿದ್ದು ಅಜ್ಜಿ ಆದ ಮ್ಯಾಲ! ಆದ್ರ ನಾ ಡಾಕ್ಟರಲ್ಲ, ಅರಳಿ ತುಂಬಾಕಿ. ಕೆಂಪು ಕಂಡ್ರ, ನೀರು ಹೋದ್ರ, ಹೊಟ್ಟಿ ಬಿಗಿದು ಬಿಗಿದು ಬಂದ್ರ ನನ್ನ ಹತ್ರ ಬರಬ್ಯಾಡ್ರಿ, ಮೊದ್ಲ ದವಾಖಾನಿಗಿ ಓಡ್ರಿ ಅಂತೀನಿ."

ವಾಪಸ್ ಬಂದ ದಿಂಬು ಅಮೃತಾಳದು. ಪಕ್ಕದ ಓಣಿಯ ವಿರೂಪಾಕ್ಷಮ್ಮನವರ ಸೊಸೆ, ಎಂಟು ತಿಂಗಳ ಬಸುರಿ. ಕೂಸು ಆರಾಮಿದೆ, ನೋವು ಮಾತ್ರ ಮೂಳೆಯದು ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ಮನೆಯಲ್ಲಿ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕುಕ್ಕರಗಾಲಲ್ಲಿ ಕೂತು ನೆಲ ಒರೆಸಿದರೆ ಹೆರಿಗೆ ಸಲೀಸು ಎಂದು ಅತ್ತೆ. ಅಲುಗಾಡದೆ ಅಂಗಾತ ಮಲಗು ಎಂದು ನೆರೆಯವರು. ಹಾಗೆ ಕೂರುವುದೂ ಬೇಡ, ಬಿದ್ದುಕೊಂಡೇ ಇರುವುದೂ ಬೇಡ, ಸಣ್ಣ ಹೆಜ್ಜೆಯಲ್ಲಿ ಓಡಾಡು ಎಂದು ಭವಾನಿ. ಯಾರ ಮಾತು ಕೇಳಬೇಕೋ ತಿಳಿಯದೆ ಆ ಹುಡುಗಿ ಗೋಡೆ ಹಿಡಿದು ನಿಂತಿರುತ್ತಾಳೆ. ಹೊರಳಿದಾಗಲೆಲ್ಲ ಅಳುತ್ತಾಳೆ. ಅತ್ತೆ ಅದನ್ನು ನಾಟಕ ಅನ್ನುತ್ತಾರೆ.

ಅವಳ ಸಂಕಟ ನೋಡಿಯೇ ಇಮಾಮಬಾನು ಈ ಸಲ ಗಾದಿಯ ಹೂವಿನ ಬಟ್ಟೆ ಬಿಟ್ಟು, ಮೈಗೆ ತಂಪಾಗಲೆಂದು ಹೊಸ ಬಿಳಿ ಕಾಟನ್ ತಂದು ಹೊಲಿದದ್ದು. ಅದು ಮರುದಿನವೇ ವಾಪಸ್. ದಪ್ಪವಾಯಿತೇನೋ ಎಂದು ಅರಳೆ ತೆಗೆದು ಕಳಿಸಿದರು. ಮತ್ತೆ ವಾಪಸ್.

ನಾವಿಬ್ಬರೂ ತಲೆಬುಡ ತಿಳಿಯದೆ ಕೂತಿರುವಾಗ ವಿರೂಪಾಕ್ಷಮ್ಮನವರೇ ಬರುತ್ತಾರೆ. ಮುಖ ಬಾಡಿದೆ.

"ಬಾನು, ಬ್ಯಾರೆ ಏನರ ಐತೇನು? ಹುಡುಗಿ ಭಾಳ ಅಳಾಕತ್ಯಾಳ."

"ಇದಕ್ಕೇನಾಗೈತ್ರಿ ಅಮ್ಮಾರ? ಹೇಳಬಾರದ?"

"ಹೆಂಗ ಹೇಳ್ಲಿ? ಬಸುರಿ ಮನಿಯಾಗ ಬಾಯಾಗ ತರೋ ಮಾತಲ್ಲದು. ಹಲಿಗಿ ಮ್ಯಾಲ ಅಡ್ಡ ಮಲಗಿಸು. ನೀನ ನೋಡು."

ಇಮಾಮಬಾನು ದಿಂಬಿಗೆ ಅರಳೆ ತುಂಬಿ, ಬಾಯಿ ಕಟ್ಟಿ, ಹಲಗೆಯ ಮೇಲೆ ಮಲಗಿಸುತ್ತಾರೆ. ಬಿಳಿ ಬಟ್ಟೆ ಸುತ್ತಿ, ಎರಡೂ ತುದಿ ದಾರದಿಂದ ಬಿಗಿದ ಉದ್ದನೆಯ ಗಂಟು, ಮಣ್ಣಿಗೆ ಒಯ್ಯಲು ಕಟ್ಟಿಟ್ಟಂತೆ. ಅದು ತುಂಬು ಬಸುರಿಯ ಪಕ್ಕದಲ್ಲಿ ಮಲಗಿದ್ದರೆ ಹೇಗೆ ಕಂಡೀತು ಎಂದು ಆಗ ನನಗೂ ಹೊಳೆಯುತ್ತದೆ.

"ಯಾ ಅಲ್ಲಾ! ನಮ್ಮಲ್ಲೂ ಹಿಂಗ ಸುತ್ತಿ..."

"ಬಿಡ್ತು ಅನ್ನು! ಮೊದ್ಲ ಬಿಡ್ತು ಅನ್ನು!"

"ಬಿಡ್ತ್ರಿ, ಬಿಡ್ತು, ಬಿಡ್ತು!" ಇಮಾಮಬಾನು ಎರಡೂ ಕೆನ್ನೆಗೆ ಬಡಿದುಕೊಳ್ಳುತ್ತಾರೆ. ಕಣ್ಣಲ್ಲಿ ನೀರು. "ತಂಪಾಗ್ಲಿ ಅಂತ ಮಾಡಿದ್ನಿ ಅಮ್ಮಾರ. ಹುಟ್ಟಿದಾಗಿಂದ ದಿಂಬು ಹೊಲಿದೇನಿ, ಇದ್ಯಾಕ ಹೊಳಿಲಿಲ್ಲ ನನಗ?"

ವಿರೂಪಾಕ್ಷಮ್ಮ ಸರ್ರನೆ ಮನೆಯ ಕಡೆ ಹೊರಡುತ್ತಾರೆ. ಕೋಪವೋ ಏನೋ ಎಂದು ನಾವು ಮತ್ತೆ ಗೊಂದಲಕ್ಕೆ ಬೀಳುವಷ್ಟರಲ್ಲಿ ಮಡಿಲ ತುಂಬ ಬಟ್ಟೆ ಹೊತ್ತು ಬರುತ್ತಾರೆ. ಏಳನೇ ತಿಂಗಳ ಕುಬಸದಲ್ಲಿ ಸೊಸೆಗೆ ಉಡಿ ತುಂಬಿದಾಗ ಬಂದ ಹಸಿರು ಖಣಗಳು. ಕುಪ್ಪಸ ಹೊಲಿಸಿ ಉಳಿದವು ಪೆಟ್ಟಿಗೆಯಲ್ಲಿದ್ದವಂತೆ.

"ಇವನ್ನ ಕೂಡಿಸಿ ದಿಂಬಿನ ಮ್ಯಾಲ ಗವಸಣಿಗಿ ಹೊಲಿ. ಒಂದೀಟೂ ಬಿಳಿ ಕಾಣಬಾರದು ನೋಡು."

ಇಮಾಮಬಾನು ಅಂದು ಬೇರೆ ಕೆಲಸ ಮುಟ್ಟುವುದಿಲ್ಲ. ಖಣದ ಅಂಚುಗಳನ್ನು ಜೋಡಿಸಿ ಜೋಡಿಸಿ ಹೊಲಿಯುತ್ತಾರೆ. ಕೊಡುವ ಮುನ್ನ ತಾವೇ ಹಲಗೆಯ ಮೇಲೆ ಮಗ್ಗುಲಾಗಿ ಮಲಗಿ, ದಿಂಬು ಕಾಲ ನಡುವೆ ಇಟ್ಟು ಹೊರಳಿ ನೋಡುತ್ತಾರೆ. ದಾರಿಹೋಕರು ನಕ್ಕರೆ "ಏನ್ ನೋಡ್ತೀರಿ, ಹೋಗ್ರಿ ನಿಮ್ಮ ಕೆಲಸ ನೋಡ್ಕೋರಿ" ಎಂದು ಗದರುತ್ತಾರೆ.

ವಾರ ಬಿಟ್ಟು ನಾನು ಅಮೃತಾಳನ್ನು ಮಾತನಾಡಿಸುತ್ತೇನೆ. ಮಂಚದ ಅಂಚಿನಲ್ಲಿ ಕುಳಿತೇ ಲಂಗದ ಲಾಡಿ ಕಟ್ಟುವುದನ್ನು ಕಲಿತಿದ್ದಾಳೆ, ನೆಲ ಒರೆಸುವ ಕೆಲಸ ಅತ್ತೆಯ ಪಾಲಿಗೆ ಹೋಗಿದೆ. "ನೋವು ಹೋಗಿಲ್ರಿ, ಐತಿ. ಆದ್ರ ಮಗ್ಗಲಾ ಬದಲಿಸಾಕ ಮೊದಲಿನಂಗ ಅಂಜಿಕಿ ಇಲ್ಲ." ಇದು ದಿಂಬಿನ ಗುಣವೋ, ಮೊಣಕಾಲು ಜೋಡಿಸಿ ಹೊರಳುವುದರದೋ, ಅತ್ತೆ ಗದರುವುದು ಬಿಟ್ಟದ್ದರದೋ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಅಂಗಡಿಗೆ ಬಂದರೆ ವಿರೂಪಾಕ್ಷಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಾರೆ. ಅಂಥದೇ ಇನ್ನೊಂದು ದಿಂಬು ಬೇಕಂತೆ. ಯಾರಿಗೆ ಎಂದು ಇಮಾಮಬಾನು ಕೇಳುತ್ತಾರೆ. ಆಕೆ ಸೆರಗಿನ ಅಂಚು ಸುತ್ತುತ್ತ ದನಿ ತಗ್ಗಿಸುತ್ತಾರೆ.

"ಮಧ್ಯಾಹ್ನ ಆಕಿ ಎದ್ದು ಹೊರಗ ಹೋದಾಗ ಸುಮ್ನ ಆ ದಿಂಬಿಟ್ಕೊಂಡು ಮಲಗಿ ನೋಡಿದ್ನಿ ಬಾನು. ಅಳು ಬಂತು. ನನಗೂ ಬಸುರಿದ್ದಾಗ ಇದ ನೋವಿತ್ತು. ನಮ್ಮತ್ತಿ ನಾಟಕ ಅಂತಿದ್ಲು."

ಅವರು ಹೋದ ಮೇಲೆ ಇಮಾಮಬಾನು ಅರಳೆಯನ್ನು ಹಿಡಿಹಿಡಿಯಾಗಿ ತುಂಬಿ, ಮತ್ತೆ ಹೊರಗೆ ತೆಗೆಯುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

"ಎಷ್ಟು ತುಂಬಬೇಕೋ ಗೊತ್ತಾಗವಲ್ದ್ರಿ. ಹಡದು ಮೂವತ್ತು ವರ್ಷ ಆದ ಹೆಣ್ಮಗಳಿಗಿ ನಾ ಎಂದೂ ದಿಂಬು ಮಾಡಿಲ್ಲ."