ಪೊಡಿಯಬ್ಬನ ಆರು ಡಬ್ಬಿ

ಗಲ್ಫಿನ ದುಖಾನಿನ ತೈಲ ಕಂಪನಿಯ ಕ್ಲಬ್ಬಿನಲ್ಲಿ ಬ್ಯಾರಿ ಪೊಡಿಯಬ್ಬ ಹದಿನೆಂಟು ವರ್ಷಗಳಿಂದ ರೀಲು ಬಿಡುತ್ತಿದ್ದ. ರೀಲು ಬಿಡುವವರು ಕಂಪನಿಯಲ್ಲಿ ಬೇಕಾದಷ್ಟು ಜನ ಇದ್ದರು. ಅದಕ್ಕೊಂದು ಪ್ರೊಜೆಕ್ಟರ್ ಇಟ್ಟುಕೊಂಡವನು ಇವನೊಬ್ಬನೇ. ತೊಂಬತ್ತೆರಡನೇ ಇಸವಿಯಲ್ಲಿ ಮ್ಯಾನೇಜರು ಹೇಳಿಬಿಟ್ಟ: "ಆರು ಗುರುವಾರದೊಳಗೆ ಹಾಲ್ ತುಂಬದಿದ್ದರೆ ಪ್ರೊಜೆಕ್ಟರ್ ಖಲಾಸ್. ವಿಡಿಯೊ ತರೋಣ." ಪ್ರೊಜೆಕ್ಟರ್ ಖಲಾಸ್ ಎಂದರೆ ಪೊಡಿಯಬ್ಬನ ವೀಸಾವೂ ಖಲಾಸ್.

ಸ್ಟೋರಿನ ಸುಡಾನಿ ಅಬ್ದುಲ್ಲಾ ಹಳೆಯ ಕಪಾಟು ತೆರೆದು ತೋರಿಸಿದ. ಎಂದೋ ಊರಿಗೆ ಮರಳಿದ ಬಿಳಿಯ ಎಂಜಿನಿಯರ್ ಬಿಟ್ಟುಹೋದ ಆರು ಡಬ್ಬಿ ಸಾಲಾಗಿ ಕೂತಿದ್ದವು. ಮೂಕಿ ಕಾಲದ ತಮಾಷೆ. ಒಬ್ಬ ಇಸ್ತ್ರಿಯವನ ಗುದ್ದಾಟದ ಕಥೆ, ಆರು ಕಂತು. ಮಾತೇ ಇಲ್ಲದ್ದರಿಂದ ಮಲಯಾಳಿಗೂ ಪಠಾಣನಿಗೂ ಸಮನಾಗಿ ಅರ್ಥವಾಗುವಂಥದ್ದು. ಇಂಗ್ಲಿಷ್ ಸಿನಿಮಾ ಅಲ್ಲವೇ ಎಂದು ಪೊಡಿಯಬ್ಬ ಎಡಗಡೆಯಿಂದ ಒಂದೊಂದೇ ಡಬ್ಬಿ ಇಳಿಸಿದ. ಇಂಗ್ಲಿಷ್ ಅಕ್ಷರ ಅವನಿಗೆ ಬಾರದು.

ಮೊದಲ ಗುರುವಾರ ಇಸ್ತ್ರಿಯವನು ರೇಷ್ಮೆ ನಿಲುವಂಗಿ ತೊಟ್ಟು ಬಂದು ಗೂಳಿಯಂಥ ಚಾಂಪಿಯನ್ನನ್ನು ಕೆಡವಿದ. ನೋಡಿದವರು ಹದಿನಾಲ್ಕು ಮಂದಿ. ಹಿಂದಿನ ಕುರ್ಚಿಯಲ್ಲಿ ಕ್ಲಬ್ಬಿನ ಗುಮಾಸ್ತ, ಬಜ್ಪೆಯ ಯೂಜಿನ್, ಡೈರಿಯಲ್ಲಿ ಏನೋ ಗೀಚಿಕೊಂಡ. ಪೊಡಿಯಬ್ಬನ ತಲೆಗೆ ಹುಳ ಹೊಕ್ಕಿತು. ವಿಡಿಯೊ ಬಂದರೆ ಅದರ ಬೀಗದ ಕೈ ಈ ಕೊಂಕಣಿ ಪೊರ್ಬುವಿನ ಸೊಂಟಕ್ಕೇ ಅಲ್ಲವೇ?

ಎರಡನೆಯ ವಾರ ರೇಷ್ಮೆ ಮಾಯ. ಮೂರನೆಯ ವಾರ ಎದುರಾಳಿಯೂ ಸಣಕಲ. ಇಸ್ತ್ರಿಯವನ ಠೀವಿ ಇಳಿದಂತೆ ಹಾಲಿನ ಜನ ಏರಿದರು. ಇವನು ಇನ್ನೆಷ್ಟು ಇಳಿಯುತ್ತಾನೆ ನೋಡಿಯೇ ಬಿಡೋಣ ಎಂದು.

"ಬ್ಯಾರ್ರೇ, ಈ ಡಬ್ಬಿ ಜೋಡಿಸಿದ್ದು ನೀವೇಯಾ?" ಎಂದ ಯೂಜಿನ್.

"ಎಂತಕ್ಕೆ ಕೇಳುದು ಪೊರ್ಬುಗಳೇ?"

"ಸುಮ್ಮನೆ ಮಾರಾಯ್ರೆ."

ಗಲ್ಫಿನಲ್ಲಿ ಸುಮ್ಮನೆ ಯಾರು ಏನು ಕೇಳುತ್ತಾರೆ? ಅಂದಿನಿಂದ ಡಬ್ಬಿಗಳು ಪೊಡಿಯಬ್ಬನ ಮಂಚದ ಕೆಳಗೆ, ಟ್ರಂಕಿನಲ್ಲಿ, ಬೀಗದೊಳಗೆ.

ಆರನೆಯ ಗುರುವಾರ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಪರದೆಯ ಮೇಲೆ ಇಸ್ತ್ರಿಯವನು ಬರೀ ಅಂಗಿ ತಿಕ್ಕುತ್ತಿದ್ದ. ಆಗ, ಅಂದೇ ಮೊದಲು ನೋಡಲು ಬಂದಿದ್ದ ಅಬ್ದುಲ್ಲಾ ಎದ್ದು ಕೂಗಿದ: "ಯಾ ಪೊಡಿ! ಇದು ಮೊದಲನೆಯದು! ನಾನು ಬಲಗಡೆಯಿಂದ ಇಟ್ಟದ್ದು!"

ಮದರಸದಲ್ಲಿ ಬಲದಿಂದಲೇ ಓದಿ ಬೆಳೆದ ಪೊಡಿಯಬ್ಬ, ಅರಬಿಯವನ ಕಪಾಟನ್ನು ಎಡದಿಂದ ಖಾಲಿ ಮಾಡಿದ್ದ! ಯೂಜಿನ್ ಡೈರಿ ಹಿಡಿದುಕೊಂಡು ಬರುವುದು ಕಂಡಿತು.

"ನೀವು ಇನ್ನು ಮ್ಯಾನೇಜರಿಗೆ ಹೇಳ್ತೀರಿ."

"ಹೇಳಿ ಆಯ್ತಲ್ಲ." ಯೂಜಿನ್ ಡೈರಿ ಬಿಡಿಸಿದ. "ಹದಿನಾಲ್ಕು, ಮೂವತ್ತು, ಐವತ್ತೆರಡು... ಇವತ್ತು ನೂರ ಎಂಬತ್ತು. ಪ್ರೊಜೆಕ್ಟರ್ ಉಳೀತು. ಕಂತು ತಲೆಕೆಳಗು ಅಂತ ನಂಗೆ ಮೊದಲ ವಾರವೇ ಗೊತ್ತುಂಟು. ಪರದೆ ಮೇಲೆ ಆರನೇ ಕಂತು ಅಂತ ಇಂಗ್ಲಿಷಲ್ಲಿ ಬರೆದಿತ್ತು."

"ಮತ್ತೆ ಹೇಳ್ಲಿಲ್ಲ ಎಂತಕ್ಕೆ?"

"ಸರಿ ಮಾಡಿದ್ರೆ ಇಷ್ಟು ಜನ ಬರ್ತಿದ್ರಾ? ಬರುವ ವಾರದಿಂದ ಬಲದಿಂದ ಬಿಡಿ. ಅದೂ ಇನ್ನಾರು ವಾರಕ್ಕೆ ಆಯ್ತು."

ವೀಸಾ ಉಳಿದ ಪೊಡಿಯಬ್ಬ ಆ ಸಂಜೆ ಯೂಜಿನ್‌ಗೆ ಸುಲೈಮಾನಿ ಚಹಾ ಕುಡಿಸಿದ, ತಾನೂ ಕುಡಿದ. ಲೋಟ ಕೆಳಗಿಟ್ಟವನೇ ಡಬ್ಬಿಗಳನ್ನು ಎತ್ತಿಕೊಂಡು ಕೋಣೆಗೆ ನಡೆದ. ಬಜ್ಪೆಯ ಗುಮಾಸ್ತನೊಬ್ಬ ಇಷ್ಟು ಒಳ್ಳೆಯವನಾಗಲು ಏನೋ ಕಾರಣ ಇರಲೇಬೇಕು. ಟ್ರಂಕಿಗೆ ಎರಡನೆಯ ಬೀಗ ಬಿತ್ತು.